ಸವೆದ ವೀಲಿಗೆ ಕುಂಕುಮ

ಅವರ ಒಂಬತ್ತು ಬೆರಳಿನ ಉಗುರು ಮಟ್ಟಸವಾಗಿ ಕತ್ತರಿಸಿರುತ್ತಿದ್ದವು. ಬಲಗೈ ಹೆಬ್ಬೆರಳಿನದು ಮಾತ್ರ ಉದ್ದ. ಉದ್ದ ಅಂದರೆ ಬಣ್ಣ ಹಚ್ಚಿ ಮೆರೆಯುವ ಉದ್ದವಲ್ಲ. ದಪ್ಪಗೆ, ಸ್ವಲ್ಪ ಹಳದಿಗೆ ತಿರುಗಿ, ತುದಿಯಲ್ಲಿ ಉಳಿಯ ಬಾಯಿಯ ಹಾಗೆ ನೇರವಾಗಿ ಸವೆದಿದ್ದ ಉಗುರು. ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಮೇಲೆ ಕಟಿಂಗ್ ವೀಲ್ ಇಟ್ಟುಕೊಂಡು, ಅದರ ನಡುವಿನ ತಗಡಿನ ಬಳೆಯ ಮೇಲೆ ಅಂಗಡಿಯವನು ಅಂಟಿಸಿದ್ದ ಬೆಲೆಯ ಚೀಟಿಯನ್ನು ಆ ಉಗುರಿನಿಂದ ಕರ್ ಕರ್ ಎಂದು ಕೆರೆಯುತ್ತಿದ್ದರು. ಚೀಟಿಯ ಕೆಳಗೆ ಅಚ್ಚಾಗಿರುವ ತಿಂಗಳು, ವರ್ಷ ಕಾಣಿಸುವವರೆಗೆ ಅವರ ಬಾಯಿಂದ ಒಂದು ಮಾತು ಬರುತ್ತಿರಲಿಲ್ಲ. ಅಂಗಡಿಯವನ ಮುಖ ಮಾತ್ರ ಹುಳ್ಳಗಾಗುತ್ತ ಹೋಗುತ್ತಿತ್ತು.

ಕಟಿಂಗ್ ವೀಲ್ ನೋಡದವರಿಗೆ ಹೇಳಿಬಿಡುತ್ತೇನೆ. ಅಂಗೈ ಅಗಲದ, ಹಪ್ಪಳದಷ್ಟು ತೆಳುವಾದ ಕಪ್ಪು ಬಿಲ್ಲೆ. ಕೈಯಲ್ಲಿ ಹಿಡಿದು ಓಡಿಸುವ ಗ್ರೈಂಡರ್‌ಗೆ ಸಿಕ್ಕಿಸಿದರೆ ಕಬ್ಬಿಣವನ್ನು ಸೌತೆಕಾಯಿ ಕೊಯ್ದಂತೆ ಕೊಯ್ಯುತ್ತದೆ. ಕಬ್ಬಿಣ ಕೊಯ್ಯುವಂಥದ್ದು ತಾನೂ ಕಬ್ಬಿಣವೇ ಇರಬೇಕು ಎಂದು ನಾವು ಬಹಳ ವರ್ಷ ತಿಳಿದಿದ್ದೆವು. ಅಲ್ಲವೇ ಅಲ್ಲ. ಮರಳಿನಂಥ ಗಟ್ಟಿ ಹರಳನ್ನು ಅಂಟಿನಲ್ಲಿ ಕಲಸಿ, ನಡುವೆ ಬಲೆಯಿಟ್ಟು ಒತ್ತಿ, ಒಲೆಯಲ್ಲಿ ಸುಟ್ಟು ಮಾಡಿದ ಬಿಲ್ಲೆ ಅದು. ಆ ಅಂಟಿಗೆ ವಯಸ್ಸಾಗುತ್ತದೆ, ನೀರು ತಾಗಿದರೆ ಥಂಡಿ ಹಿಡಿಯುತ್ತದೆ. ಇದನ್ನೆಲ್ಲ ನಮಗೆ ಹೇಳಿಕೊಟ್ಟವರು ಅವರು.

ಬೀದಿಯವರೆಲ್ಲ ಅವರನ್ನು ಸ್ಟೋರ್ಸ್ ಮೇಡಂ ಎನ್ನುತ್ತಿದ್ದರು. ಒಂದು ದೊಡ್ಡ ಕಾರ್ಖಾನೆಯ ಉಗ್ರಾಣದಲ್ಲಿ, ಅಂದರೆ ಸ್ಟೋರ್ಸಿನಲ್ಲಿ, ಕೆಲಸಕ್ಕೆ ಸೇರಿ ಅಲ್ಲೇ ರಿಟೈರ್ ಆದವರು. ನಮ್ಮ ಅಂಗಡಿಯ ಎದುರಿನ ಮನೆಯ ಮೊದಲ ಮಹಡಿಯಲ್ಲಿ ತಂಗಿಯ ಸಂಸಾರದ ಜೊತೆ ಇದ್ದರು. ಕುಳ್ಳನೆಯ ಜೀವ, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು, ಕಾಲಲ್ಲಿ ಗಂಡಸರ ಶೂ. ಮನೆಯಿಂದ ಹಾಲಿಗೆ ಹೋದರೂ ಶೂ. ಕಾರ್ಖಾನೆಯ ಅಭ್ಯಾಸ, ಕಾಲಿನ ಬೆರಳು ಇರೋದು ಹತ್ತೇ, ಎನ್ನುತ್ತಿದ್ದರು.

ನಾವು ಅಣ್ಣತಮ್ಮಂದಿರು ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಗ್ರಿಲ್ ಮತ್ತು ಗೇಟಿನ ಕೆಲಸ ಮಾಡುವವರು. ಅದೇ ಜಾಗದಲ್ಲಿ ಅಪ್ಪ ತಗಡಿನ ಟ್ರಂಕು ಮಾಡುತ್ತಿದ್ದರು. ನನ್ನ ಪಾಲಿಗೆ ವೆಲ್ಡಿಂಗು, ಗಿರಾಕಿಗಳ ಜೊತೆ ಮಾತು. ಮಾತು ನನಗೆ ಸ್ವಲ್ಪ ಜಾಸ್ತಿಯೇ. ಅಣ್ಣನದು ಕೊಯ್ಯುವ ಕೆಲಸ. ಸೀಮೆಸುಣ್ಣದ ಗೆರೆ ಎಳೆಯದೆ, ಬರೀ ಕಣ್ಣಳತೆಯಲ್ಲಿ ಪೈಪಿನ ಮೂಲೆ ಕೊಯ್ಯುತ್ತಿದ್ದ. ಎರಡು ತುಂಡನ್ನು ಸೇರಿಸಿ ಹಿಡಿದರೆ ನಡುವೆ ಬೆಳಕು ತೂರುತ್ತಿರಲಿಲ್ಲ. ಬಸವನಗುಡಿ, ಮಲ್ಲೇಶ್ವರಂನ ಹಳೇ ಮನೆಯವರು ತಮ್ಮ ಅಜ್ಜನ ಕಾಲದ ಕಿಟಕಿಗೆ ಅದೇ ನಮೂನೆಯ ಬಳ್ಳಿ ಬೇಕು ಎಂದು ಹುಡುಕಿಕೊಂಡು ಬರುತ್ತಿದ್ದದ್ದು ಆ ಕಣ್ಣಿಗಾಗಿ, ನನ್ನ ಬಾಯಿಗಾಗಿ ಅಲ್ಲ.

ಆ ಕಣ್ಣನ್ನು ಅವನು ನೋಡಿಕೊಳ್ಳುತ್ತಿದ್ದ ಚೆಂದ ಕೇಳಿ. ಕಿಡಿ ತಾಗದಂತೆ ಹಾಕಿಕೊಳ್ಳಬೇಕಾದ ಕನ್ನಡಕ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿತ್ತು. ಗ್ರೈಂಡರ್ ಕೊಂಡ ದಿನವೇ ಅದರ ಗಾರ್ಡನ್ನು, ಎಂದರೆ ವೀಲಿನ ಅರ್ಧ ಭಾಗ ಮುಚ್ಚುವ ಉಕ್ಕಿನ ತಗಡನ್ನು, ಅಡ್ಡ ಬರುತ್ತೆ ಎಂದು ಬಿಚ್ಚಿ ಮೂಲೆಗೆ ಎಸೆದಿದ್ದ. ಸಂಜೆ ಮನೆಗೆ ಹೋದ ಕೂಡಲೇ ಅತ್ತಿಗೆ ಮೊದಲು ನೋಡುತ್ತಿದ್ದದ್ದು ಅವನ ಮುಖವನ್ನು. ಆ ಕಣ್ಣಿಗೆ ಏನಾದರೂ ಆದರೆ ಎರಡು ಸಂಸಾರ ಬೀದಿಗೆ ಬರುತ್ತದೆಂದು ಅತ್ತಿಗೆಗೂ ಗೊತ್ತು, ನನಗೂ ಗೊತ್ತು. ಹೇಳಿದರೆ ಕೇಳುವವನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ.

ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಕೈಯಲ್ಲಿದ್ದ ವೀಲ್ ಪಟ್ಟನೆ ಒಡೆಯಿತು. ಆಗಾಗ ಒಡೆಯುತ್ತಿದ್ದವು, ನಾವು ಬೈದುಕೊಂಡು ಇನ್ನೊಂದು ಸಿಕ್ಕಿಸುತ್ತಿದ್ದೆವು. ಹತ್ತು ನಿಮಿಷದಲ್ಲಿ ಎದುರು ಮನೆಯ ಮೆಟ್ಟಿಲಿಳಿದು ಸ್ಟೋರ್ಸ್ ಮೇಡಂ ಬಂದರು. ಅಲ್ಲಿಯವರೆಗೆ ಅವರಿಗೂ ನಮಗೂ ಮಾತಿರಲಿಲ್ಲ. ಸದ್ದಿಗೆ ಜಗಳ ತೆಗೆಯಲು ಬಂದರು ಎಂದುಕೊಂಡು ನಾನು ಹಲ್ಲು ಕಿರಿಯಲು ತಯಾರಾದೆ. ಅವರ ಅಂಗೈಯಲ್ಲಿ ಒಂದು ಕಪ್ಪು ಚೂರಿತ್ತು. ಬಾಲ್ಕನಿಯಲ್ಲಿ ಒಣಹಾಕಿದ್ದ ಸಂಡಿಗೆಯ ನಡುವೆ ಬಿದ್ದಿತ್ತಂತೆ.

“ಇದು ನಿಮ್ದೇ ತಾನೆ? ಉಳಿದಿದ್ದೆಲ್ಲ ಎಲ್ಲಿ?” ಎಂದು ಕೇಳಿದರು.

ಜಗಳವಿಲ್ಲ, ಬೈಗುಳವಿಲ್ಲ. ನಾವು ಗುಡಿಸಿಟ್ಟಿದ್ದ ಕಸದಿಂದ ಚೂರುಗಳನ್ನು ಆರಿಸಿ, ಕೆಲಸದ ಮೇಜಿನ ಮೇಲೆ ಒಡೆದ ತಟ್ಟೆ ಜೋಡಿಸುವಂತೆ ಜೋಡಿಸತೊಡಗಿದರು. ತಗಡಿನ ಬಳೆ ಸಿಕ್ಕಿತು. ಹೆಬ್ಬೆರಳ ಉಗುರಿನಿಂದ ಅದರ ಮೇಲಿನ ಚೀಟಿ ಕೆರೆದರು. ವೀಲಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ಔಷಧಿಗೆ ಇರುವ ಹಾಗೆ ಇದಕ್ಕೂ ತಾರೀಖು ಇರುತ್ತದೆ ಎಂಬುದು ಇಷ್ಟು ವರ್ಷ ಕಬ್ಬಿಣ ಕೊಯ್ದ ನಮಗೆ ಆ ದಿನ ತಿಳಿಯಿತು. ನಾಚಿಕೆಯಾಯಿತು, ಸುಳ್ಳೇಕೆ.

ಬಿಲ್ಲೆಯಲ್ಲಿ ಒಂದು ತುಂಡು ಮಾತ್ರ ಕಮ್ಮಿ ಬಂತು. ಹೋಗಲಿ ಬಿಡಿ ಮೇಡಂ ಎಂದೆ. ಅವರು ಬಿಡಲಿಲ್ಲ. ಅಂಗಡಿಯೆಲ್ಲ ಹುಡುಕಿ, ಕೊನೆಗೆ ಅಣ್ಣ ನಿಲ್ಲುವ ಜಾಗದ ಹಿಂದಿನ ಬಾಗಿಲ ಚೌಕಟ್ಟಿನಲ್ಲಿ ಅದನ್ನು ಕಂಡುಹಿಡಿದರು. ಮರದೊಳಗೆ ಅರ್ಧ ಬೆರಳು ಆಳ ಹೊಕ್ಕಿತ್ತು. ಅಣ್ಣನನ್ನು ಕರೆದು ಅದರ ಪಕ್ಕಕ್ಕೆ ನಿಲ್ಲಿಸಿದರು. ಅವನ ಎಡಗಣ್ಣಿಗೆ ಸರಿಸಮ.

ಅಣ್ಣ ನಕ್ಕ. ಆಗಬಾರದ್ದು ಆಗಲಿಲ್ಲವಲ್ಲ ಮೇಡಂ ಎಂದ. ಅವರು ನನ್ನ ಕಡೆ ತಿರುಗಿ, “ನಾಳೆ ಮಾರ್ಕೆಟ್‌ಗೆ ನನ್ನ ಕರ್ಕೊಂಡ್ ಹೋಗು. ಏನ್ ತರ್ತೀಯ ಅಂತ ನೋಡ್ಬೇಕು” ಎಂದರು.

ಮಾರನೆಯ ದಿನ ಸಿಟಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಖಾಯಂ ಅಂಗಡಿಗೆ ಹೋದೆವು. ನಾನು ಮೊದಲು ರೇಟು ಕೇಳುವವನು. ಅವರು ಮೊದಲು ಕುರ್ಚಿ ಕೇಳಿದರು. ಕೂತು, ಕನ್ನಡಕ ಒರೆಸಿಕೊಂಡು, ಮೂರು ನಾಲ್ಕು ಥರದ ವೀಲ್ ತರಿಸಿಕೊಂಡರು. ಮಾಡಿದವರ ಹೆಸರೇ ಇಲ್ಲದ್ದನ್ನು ಮುಟ್ಟದೆ ಬದಿಗೆ ಸರಿಸಿದರು. ವಿಳಾಸ ಹೇಳದವರ ಹತ್ತಿರ ಸಾಮಾನು ತಗೋಬಾರದು ಎಂದು ಅಂಗಡಿಯವನಿಗೆ ಕೇಳುವಂತೆಯೇ ಹೇಳಿದರು. ಉಳಿದವುಗಳ ತಾರೀಖು ಕೆರೆದು ನೋಡಿದರು. ಬೆಳಕಿಗೆ ಹಿಡಿದು ಅಂಚು ನೋಡಿದರು, ಎಲ್ಲಾದರೂ ಚಕ್ಕೆ ಎದ್ದಿದೆಯೇ ಎಂದು. ಆಮೇಲೆ ನಮ್ಮ ಗ್ರೈಂಡರ್ ಒಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ನನ್ನನ್ನು ಕೇಳಿದರು. ಯಾರಿಗೆ ಗೊತ್ತು! ಮೆಷಿನ್ನಿನ ಮೈಮೇಲೆ ಬರೆದಿರುತ್ತದಂತೆ. ನಮ್ಮ ಅಂಗಡಿಗೆ ಫೋನ್ ಮಾಡಿ ಅಣ್ಣನಿಂದ ಓದಿಸಿದೆ. ವೀಲಿನ ಮೇಲೆ ಬರೆದ ಸಂಖ್ಯೆ ಅದಕ್ಕಿಂತ ಕಮ್ಮಿ ಇರಕೂಡದು. “ಕುದುರೆ ಓಟಕ್ಕಿಂತ ಗಾಡಿ ಗಟ್ಟಿಯಾಗಿರ್ಬೇಕು ಕಣಪ್ಪ” ಎಂದರು. ಅಂಗಡಿಯವನು ತನ್ನ ಆಯುಷ್ಯದಲ್ಲಿ ಇಂಥ ಗಿರಾಕಿ ನೋಡಿರಲಿಕ್ಕಿಲ್ಲ. ಕಾಫಿ ತರಿಸಿದ.

ಒಳ್ಳೆಯದು ಅಂದರೆ ದುಬಾರಿಯದೇ ಎಂದು ನಾನು ಬಾಯಿ ಹಾಕಿದೆ. ಅವರು ಮೂರು ಬೆಲೆಯವನ್ನು ಒಂದೊಂದು ಕೊಂಡರು, ಅಷ್ಟೇ. ಅಂಗಡಿಗೆ ಬಂದು ಅಣ್ಣನ ಕೈಲಿ ಒಂದೇ ಅಳತೆಯ ಪೈಪು ಕೊಯ್ಯಿಸಿದರು. ಒಂದು ಸಲ ಕೊಯ್ದರೆ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೀಟು. ಅಗ್ಗದ್ದು ಒಂದು ಕಿಟಕಿ ಮುಗಿಯುವ ಮೊದಲೇ ಸವೆದುಹೋಯಿತು. ದುಬಾರಿಯದು ಎರಡು ಕಿಟಕಿ ಮುಗಿಸಿತು. ನಡುವಿನದು ಅದಕ್ಕಿಂತ ಎರಡೇ ಗೀಟು ಕಮ್ಮಿ. ಮೇಡಂ ನಡುವಿನ ಸಾಲಿನ ಕೆಳಗೆ ಒಂದು ಅಡ್ಡಗೀಟು ಎಳೆದು, ಇನ್ನು ಮೇಲೆ ಇದು, ಎಂದರು. ಸ್ಟೇನ್‌ಲೆಸ್ ಸ್ಟೀಲಿಗೆ ಬೇರೆ ತರಬೇಕು, ಕೊಯ್ಯುವ ವೀಲಿನಲ್ಲಿ ಪಕ್ಕಕ್ಕೆ ಉಜ್ಜಬಾರದು, ಕೈಜಾರಿ ನೆಲಕ್ಕೆ ಬಿದ್ದದ್ದನ್ನು ತಿರುಗಿ ಸಿಕ್ಕಿಸಬಾರದು ಎಂದು ಹೊರಡುವಾಗ ಒಂದೊಂದೇ ನೆನಪಿಸಿಕೊಂಡು ಹೇಳಿದರು. ಆ ಗೀಟುಗಳ ಮೇಲೆ ನಾವು ಈವರೆಗೆ ಸುಣ್ಣ ಬಳಿಸಿಲ್ಲ.

ವೀಲ್ ಇಡುವುದಕ್ಕೆ ಅವರೇ ಮನೆಯಿಂದ ಒಂದು ಹಪ್ಪಳದ ಡಬ್ಬ ತಂದುಕೊಟ್ಟರು. ಬಿಗಿ ಮುಚ್ಚಳದ ದೊಡ್ಡ ಸ್ಟೀಲ್ ಡಬ್ಬ. ಅದರಲ್ಲಿ ಒಂದರ ಮೇಲೊಂದು ಮಲಗಿಸಿ ಇಡಬೇಕು, ಹಳೆಯದು ಮೇಲೆ ಹೊಸದು ಕೆಳಗೆ. ನೆಲದ ಮೇಲೆ ಇಡಕೂಡದು, ಗೋಡೆಗೆ ಒರಗಿಸಕೂಡದು, ಒದ್ದೆ ಕೈ ಹಾಕಕೂಡದು. ಅತ್ತಿಗೆ ನಗುತ್ತಿದ್ದರು, ಮನೆ ಹಪ್ಪಳಕ್ಕೂ ನೀವು ಇಷ್ಟು ಮರ್ಯಾದೆ ಕೊಟ್ಟಿಲ್ಲ ಎಂದು.

ಗಾರ್ಡಿನ ವಿಷಯಕ್ಕೆ ಮಾತ್ರ ಅಣ್ಣ ಜಗ್ಗಲಿಲ್ಲ. ಅದು ಇದ್ದರೆ ಕೊಯ್ಯುವ ಜಾಗ ಕಾಣಲ್ಲ, ಕೆಲಸ ಕೆಡುತ್ತೆ ಎಂದು ಹಟ ಹಿಡಿದ. ಮೇಡಂ ಉಪದೇಶ ಮಾಡುವ ಪೈಕಿಯಲ್ಲ. ಒಂದು ಮಧ್ಯಾಹ್ನ ಬಂದು ನಮ್ಮ ಸ್ಟೂಲ್ ಮೇಲೆ ಕೂತು, ಅಣ್ಣ ಕೊಯ್ದ ಮೂಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ತಣ್ಣಗೆ, ನಮ್ಮ ಕಾರ್ಖಾನೆಯಲ್ಲಿ ಗಾರ್ಡ್ ಹಾಕಿಕೊಂಡೇ ಇಂಥದ್ದು ಕೊಯ್ಯುವವನು ಒಬ್ಬ ಇದ್ದ, ಎಲ್ಲರ ಕೈಲೂ ಆಗೋದಲ್ಲ ಬಿಡು, ಎಂದರು. ಅಷ್ಟೇ. ಅಣ್ಣ ಮೂಲೆಯ ಕಸದಿಂದ ಗಾರ್ಡ್ ತೆಗೆದು, ತುಕ್ಕು ಉಜ್ಜಿ, ಸಿಕ್ಕಿಸಿದ. ಮೊದಲ ವಾರ ಅವನು ಬೈದದ್ದು ಒಂದೆರಡಲ್ಲ. ಎರಡನೇ ತಿಂಗಳಿಗೆ ಅದನ್ನು ಬಿಚ್ಚಿದರೆ ಅವನ ಕೈಗೇ ಹಿಡಿತ ಸಿಗುತ್ತಿರಲಿಲ್ಲ. ಕಾರ್ಖಾನೆಯ ಆ ಒಬ್ಬ ನಿಜವಾಗಿ ಇದ್ದನೇ ಎಂದು ನಾನು ಮೇಡಂರನ್ನು ಕೇಳಿದಾಗ, ಇದ್ರೆ ಏನು ಇಲ್ದಿದ್ರೆ ಏನು, ಎಂದು ಎದ್ದು ಹೋದರು.

ಹೀಗೆ ಎಲ್ಲ ಸುಸೂತ್ರ ಎಂದುಕೊಂಡಿರುವಾಗ ಆಯುಧಪೂಜೆ ಬಂತು.

ನಮ್ಮಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಬಕೆಟ್ಟಿನಲ್ಲಿ ಅರಿಶಿನದ ನೀರು ಕಲಸಿ, ಸುತ್ತಿಗೆ, ಕತ್ತರಿ, ಉಳಿ, ಇಕ್ಕಳ ಎಲ್ಲವನ್ನೂ ಒಂದು ಸಲ ಅದರಲ್ಲಿ ಅದ್ದಿ ತೆಗೆದು, ಸಾಲಾಗಿ ಜೋಡಿಸಿ ಕುಂಕುಮ ಇಡುವುದು. ಅಪ್ಪನ ಕಾಲದಲ್ಲಿ ಇದ್ದದ್ದೆಲ್ಲ ಕಬ್ಬಿಣ. ಒರೆಸಿ ಎಣ್ಣೆ ಹಚ್ಚಿದರೆ ಮುಗಿಯಿತು. ಅಪ್ಪ ಹೋದ ಮೇಲೆ ಅಣ್ಣ ಆ ಪದ್ಧತಿಯನ್ನು ಒಂದು ಕೂದಲೆಳೆ ಬಿಡದೆ ನಡೆಸಿಕೊಂಡು ಬಂದಿದ್ದ. ವರ್ಷಪೂರ್ತಿ ಅನ್ನ ಹಾಕುವ ವೀಲನ್ನು ಬಿಡುವುದುಂಟೇ? ಡಬ್ಬದಿಂದ ಆರು ಹೊಸ ವೀಲ್ ತೆಗೆದು ಅವಕ್ಕೂ ಅರಿಶಿನದ ಸ್ನಾನ ಮಾಡಿಸಿದ. ವರ್ಷ ವರ್ಷವೂ ಹಾಗೆಯೇ ಮಾಡುತ್ತಿದ್ದ. ಹಬ್ಬ ಮುಗಿದು ಮೊದಲ ವಾರದಲ್ಲೇ ವೀಲ್ ಜಾಸ್ತಿ ಒಡೆಯುತ್ತವೆ ಎಂದು ನಮಗೆ ಗೊತ್ತಿತ್ತು. ಪೂಜೆಯಲ್ಲಿ ಏನೋ ಲೋಪವಾಗಿರಬೇಕು ಎಂದುಕೊಂಡು ಮುಂದಿನ ವರ್ಷ ಇನ್ನಷ್ಟು ಶ್ರದ್ಧೆಯಿಂದ ಅದ್ದುತ್ತಿದ್ದೆವು. ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಆ ಸಂಜೆ ಮೇಡಂ ಕಡ್ಲೆಪುರಿ ತೆಗೆದುಕೊಳ್ಳಲು ಕೆಳಗಿಳಿದು ಬಂದರು. ಹಬ್ಬದ ಸೀರೆ, ಕಾಲಲ್ಲಿ ಅದೇ ಶೂ; ಹೊಸ್ತಿಲ ಹೊರಗೆ ಬಿಟ್ಟರು. ಕೈಮುಗಿದರು. ಕಣ್ಣು ತೆರೆದಾಗ ಸಾಲಿನಲ್ಲಿ ಹಳದಿ ನೀರು ತೊಟ್ಟಿಕ್ಕುತ್ತಿದ್ದ ಆರು ವೀಲ್ ಕಂಡವು. ಬಗ್ಗಿ ಒಂದನ್ನು ಮುಟ್ಟಿ ನೋಡಿದರು. ಆರನ್ನೂ ಎತ್ತಿಕೊಂಡು ಹೊರಗೆ ಹೋಗಿ, ಕಲ್ಲಿನ ಮೇಲಿಟ್ಟು, ಅದೇ ಸಾಲಿನಲ್ಲಿದ್ದ ಸುತ್ತಿಗೆಯಿಂದ ಒಂದೊಂದನ್ನೇ ಒಡೆದರು. ಕುಂಕುಮದ ಸಮೇತ.

ಬೀದಿಯಲ್ಲಿ ಜನ ನಿಂತರು. ಅಣ್ಣನ ಮುಖ ನೋಡಲಾಗಲಿಲ್ಲ.

“ಪೂಜೆ ಮಾಡಿರೋದನ್ನ ಒಡೆದ್ರಲ್ಲ ಮೇಡಂ. ನಿಮ್ಮನೇಲಿ ದೇವರ ಪಟ ಒಡೀತೀರಾ? ನಮ್ಮಪ್ಪ ನಡೆಸ್ಕೊಂಡು ಬಂದಿದ್ದು ಇದು. ಇನ್ಮೇಲೆ ನಮ್ಮ ಅಂಗಡಿ ಮೆಟ್ಲು ಹತ್ತಬೇಡಿ” ಎಂದ.

ಅವರು ಸುತ್ತಿಗೆಯನ್ನು ಒರೆಸಿ ಒಳಗಿಟ್ಟು, ಶೂ ಹಾಕಿಕೊಂಡು ಹೋದರು. ಕಡ್ಲೆಪುರಿಯ ಪೊಟ್ಟಣ ಅಲ್ಲೇ ಉಳಿಯಿತು.

ಇಲ್ಲಿ ನನ್ನ ತಪ್ಪು ಹೇಳಿಕೊಳ್ಳಬೇಕು. ಏಳನೆಯದು ಒಂದಿತ್ತು. ಗ್ರೈಂಡರ್‌ಗೇ ಸಿಕ್ಕಿಸಿ, ಚೆಂಡುಹೂವಿನ ಹಾರದಡಿ ಮುಚ್ಚಿಹೋಗಿದ್ದದ್ದು. ಅದಕ್ಕೂ ಅಣ್ಣ ಬೊಗಸೆಯಲ್ಲಿ ಅರಿಶಿನದ ನೀರು ಹಾಕಿ, ಕುಂಕುಮ ಮೆತ್ತಿದ್ದನ್ನು ನಾನೇ ಕಂಡಿದ್ದೆ. ಮೇಡಂಗೆ ಅದು ಕಾಣಲಿಲ್ಲ. ನನಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ದಿನವಿಡೀ ವಟಗುಟ್ಟುವ ನನಗೆ, ಬೇಕಾದಾಗ ನಾಲಿಗೆ ಏಳಲಿಲ್ಲ. ಅಣ್ಣನ ಮನಸ್ಸು ಇನ್ನೂ ಯಾಕೆ ನೋಯಿಸಲಿ ಎಂದು ಸುಮ್ಮನಾದೆ, ಅಂತ ಆಗ ನನಗೆ ನಾನೇ ಹೇಳಿಕೊಂಡೆ.

ವಿಜಯದಶಮಿ ಕಳೆದ ಮಾರನೆಯ ಬೆಳಿಗ್ಗೆ ಅಂಗಡಿ ತೆರೆದೆವು. ಅಣ್ಣನ ಸಿಟ್ಟು ಇಳಿದಿರಲಿಲ್ಲ. ಹಾರ ಬಿಚ್ಚಿದ, ಪೈಪು ಕಟ್ಟಿದ, ಗ್ರೈಂಡರ್ ಎತ್ತಿಕೊಂಡ. ಹೊಸ ವೀಲನ್ನು ಮೊದಲು ಒಂದು ನಿಮಿಷ ಪಕ್ಕಕ್ಕೆ ನಿಂತು ಖಾಲಿ ಓಡಿಸಬೇಕು ಎಂದು ಮೇಡಂ ಕಲಿಸಿದ್ದರು. ಅದನ್ನು ಮಾಡಲಿಲ್ಲ, ಬೇಕೆಂದೇ ಮಾಡಲಿಲ್ಲ. ನಾನು ಕೂಗಬೇಕು ಎಂದು ಎದ್ದೆ. ಅಷ್ಟರಲ್ಲಿ ಸ್ವಿಚ್ ಒತ್ತಿ ಕಬ್ಬಿಣಕ್ಕೆ ತಾಗಿಸಿದ್ದ.

ಸಿಡಿಲು ಹೊಡೆದ ಹಾಗೆ ಸದ್ದಾಯಿತು. ಅಣ್ಣ ಮೆಷಿನ್ ಕೈಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಓಡಿ ಹೋಗಿ ಆ ಕೈ ಹಿಡಿದೆ. ಬಿಡಿಸಲು ಧೈರ್ಯ ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಕೊನೆಗೆ ಅವನೇ ಕೈ ತೆಗೆದ. ಮುಖದ ತುಂಬ ಕುಂಕುಮದ ಪುಡಿ. ಕಣ್ಣೆರಡೂ ತೆರೆದಿದ್ದವು. ನನ್ನನ್ನು ನೋಡುತ್ತಿದ್ದವು.

ಗಾರ್ಡ್ ಒಳಗಿನಿಂದ ಹೊರಕ್ಕೆ ಉಬ್ಬಿಹೋಗಿತ್ತು. ಅವನ ಮುಖದ ಕಡೆ ಬರಬೇಕಾಗಿದ್ದ ಚೂರನ್ನು ಅದು ತಡೆದು ನೆಲಕ್ಕೆ ಕೆಡವಿತ್ತು. ನೀರು ಕುಡಿದದ್ದಕ್ಕೇ ಒಡೆಯಿತೋ, ಅಣ್ಣ ಸಿಟ್ಟಿನಲ್ಲಿ ಒತ್ತಿದ್ದಕ್ಕೆ ಒಡೆಯಿತೋ ನಾನು ಬಲ್ಲವನಲ್ಲ. ಗಾರ್ಡ್ ಇರದಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ಇಬ್ಬರಿಗೂ ಗೊತ್ತಾಯಿತು. ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ ಎಂದು ನಾನು ಅಲ್ಲೇ ಅಳುತ್ತ ಹೇಳಿದೆ. ಅಣ್ಣ ಬೈಯಲಿಲ್ಲ. ಉಬ್ಬಿದ ಗಾರ್ಡನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಮುಖ ಕೂಡ ತೊಳೆಯದೆ, ರಸ್ತೆ ದಾಟಿ ಎದುರು ಮನೆಯ ಮೆಟ್ಟಿಲು ಹತ್ತಿದ. ನಾನೂ ಹಿಂದೆ ಹೋದೆ.

ಬಾಗಿಲು ತೆರೆದ ಮೇಡಂ ಅವನ ಕೆಂಪು ಮುಖ ನೋಡಿ ಚೌಕಟ್ಟು ಹಿಡಿದುಕೊಂಡರು. ರಕ್ತ ಎಂದುಕೊಂಡರು. “ಕಣ್ಣು?” ಎಂದರು. ಕುಂಕುಮ ಮೇಡಂ, ಕಣ್ಣಿದೆ, ಎಂದ ಅಣ್ಣ. ಆಮೇಲೆ ಅವರು ಕುರ್ಚಿಯವರೆಗೆ ನಡೆಯುವುದಕ್ಕೂ ನಾನು ಕೈ ಕೊಡಬೇಕಾಯಿತು.

ಅವರು ಆ ದಿನ ಹೇಳಿದ್ದನ್ನು ಅದಕ್ಕೆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಸ್ಟೋರ್ಸಿನಲ್ಲಿ ಅವರು ಹೊಸಬರಾಗಿದ್ದಾಗ ಒಂದು ಮಳೆಗಾಲ ಚಾವಣಿ ಸೋರಿ ಅಡಿಯಲ್ಲಿದ್ದ ವೀಲಿನ ಪೆಟ್ಟಿಗೆ ನೆನೆಯಿತಂತೆ. ಮೇಲಿನವರಿಗೆ ಹೇಳಿದರೆ ಬೈಯುತ್ತಾರೆ ಎಂಬ ಭಯ. ಮೂರು ದಿನ ಬಿಸಿಲಿಗೆ ಹರವಿ, ಒಣಗಿದ ಮೇಲೆ ಮತ್ತೆ ಪೆಟ್ಟಿಗೆಗೆ ತುಂಬಿ, ಕೇಳಿದವರಿಗೆ ಕೊಟ್ಟರಂತೆ.

“ಹಪ್ಪಳ ಅಂದ್ಕೊಂಡೆ ಕಣಪ್ಪ. ಒಣಗಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಅದರಲ್ಲಿ ಒಂದು ಒಡೀತು. ಆ ಮನುಷ್ಯಂಗೆ ಒಂದು ಕಣ್ಣು ಹೋಯ್ತು. ಅವನಿಗೆ ಗೊತ್ತೇ ಆಗ್ಲಿಲ್ಲ, ನಾನು ಕೊಟ್ಟಿದ್ದಂತ. ರಿಟೈರ್ ಆಗೋವರೆಗೂ ದಿನಾ ಬೆಳಿಗ್ಗೆ ಗೇಟ್ ಹತ್ರ ನಗ್ತಾ ನಮಸ್ಕಾರ ಮೇಡಂ ಅಂತಿದ್ದ.”

ಅವರ ತಂಗಿ ನೀರು ತಂದಿಟ್ಟು ಹೋದರು. ಅಣ್ಣ ನೆಲ ನೋಡುತ್ತ, ನಿಮ್ಮನ್ನು ಮೆಟ್ಟಿಲು ಹತ್ತಬೇಡಿ ಅಂದೆ, ತಪ್ಪಾಯಿತು ಎಂದ. ಆದರೆ ಪೂಜೆ ಬಿಡುವುದಕ್ಕೆ ಆಗುವುದಿಲ್ಲ ಮೇಡಂ, ಅಪ್ಪ ಕೊಟ್ಟುಹೋದದ್ದು ಅದೊಂದೇ, ಎಂದೂ ಹೇಳಿದ. ಆ ಹೊತ್ತಿನಲ್ಲೂ ಅದನ್ನು ಹೇಳದೆ ಬಿಡಲಿಲ್ಲ ನೋಡಿ.

“ಪೂಜೆ ಬಿಡು ಅಂದೋರು ಯಾರು?” ಎಂದರು ಮೇಡಂ. ಅವರಿಗೆ ಉಸಿರು ವಾಪಸು ಬಂದಿತ್ತು. “ಹೊಸ ವೀಲಿಗೆ ಯಾಕ್ ಪೂಜೆ? ಅದಿನ್ನೂ ಏನ್ ಕೆಲಸ ಮಾಡಿದೆ? ನಾನು ಕೆಲಸಕ್ಕೆ ಸೇರಿದ ದಿನ ಯಾರೂ ಹಾರ ಹಾಕ್ಲಿಲ್ಲಪ್ಪ. ರಿಟೈರ್ ಆದ ದಿನ ಹಾಕಿದ್ರು. ಸವೆದಿರೋದಕ್ಕೆ ಮಾಡು. ನೀರಲ್ಲಿ ಎಷ್ಟು ಬೇಕಾದ್ರೂ ಅದ್ದು.”

ಅಣ್ಣ ತಲೆಯೆತ್ತಿ ಅವರನ್ನು ನೋಡಿದ. ಅಂಗಡಿಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಕಸದ ಬುಟ್ಟಿ ಕೆದಕಿ, ಸವೆದು ಬಿಸ್ಕತ್ತಿನಷ್ಟಾಗಿದ್ದ ಹಳೇ ವೀಲುಗಳನ್ನು ಆರಿಸಿ ಒಂದು ಕಡೆ ಇಟ್ಟದ್ದು.

ಅಂದಿನಿಂದ ವರ್ಷವಿಡೀ ಸವೆದ ವೀಲುಗಳನ್ನು ನಾವು ಎಸೆಯುವುದಿಲ್ಲ. ಆಯುಧಪೂಜೆಯ ದಿನ ಅವುಗಳನ್ನೆಲ್ಲ ಅರಿಶಿನದ ನೀರಿನಲ್ಲಿ ಅದ್ದಿ, ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ ಕುಂಕುಮ ಇಡುತ್ತೇವೆ. ಹೊಸವು ಡಬ್ಬದೊಳಗೆ ನೀರು ಸೋಕದೆ ಬೆಚ್ಚಗೆ ಕೂತಿರುತ್ತವೆ. ಡಬ್ಬಕ್ಕೆ ಹೊರಗಿನಿಂದ ಒಂದು ಹೂವು. ಮೊದಲ ವರ್ಷ ನೋಡಿದವರು ನಕ್ಕರು. ಇದೇನು ಗುರು, ಕಸಕ್ಕೆ ಮಂಗಳಾರತಿ, ಎಂದ ಮೂಲೆಯ ಮನೆಯಲ್ಲಿ ಕಲ್ಲು ಕೊಯ್ಯುವವನು. ನಾನು ಎಲ್ಲರಿಗೂ ಕೂರಿಸಿ ಕಥೆ ಹೇಳಿದೆ. ಈ ಹಾಳು ಬಾಯಿ ಅದಕ್ಕಾದರೂ ಬಂತು. ಈಗ ನಮ್ಮ ಬೀದಿಯ ನಾಲ್ಕು ಅಂಗಡಿಯಲ್ಲೂ ಸವೆದದ್ದಕ್ಕೇ ಪೂಜೆ. ಕಲ್ಲು ಕೊಯ್ಯುವವನಂತೂ ಮಗನಿಗೆ, ಇದು ನಮ್ಮ ತಾತನ ಕಾಲದ ಪದ್ಧತಿ, ಎಂದು ಹೇಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹೇಳಿಕೊಳ್ಳಲಿ.

ಮೇಡಂ ಕೊನೆಯ ವರ್ಷಗಳಲ್ಲಿ ಮೆಟ್ಟಿಲಿಳಿಯುವುದು ಕಮ್ಮಿ ಮಾಡಿದರು. ವೀಲ್ ತಂದರೆ ನಾನೇ ಡಬ್ಬ ಹೊತ್ತು ಮೇಲಕ್ಕೆ ಹೋಗುತ್ತಿದ್ದೆ. ಒಂದೊಂದನ್ನೇ ತಿರುಗಿಸಿ ನೋಡಿ, ಹೂಂ ಎನ್ನುತ್ತಿದ್ದರು. ಒಂದು ಸಲ ಎರಡನ್ನು ವಾಪಸು ಕಳಿಸಿದರು. ಅಂಗಡಿಯವನು ಮರುಮಾತಾಡದೆ ಬದಲಾಯಿಸಿ ಕೊಟ್ಟ.

ಹೋದ ವರ್ಷ ನವರಾತ್ರಿಗೆ ಇನ್ನೇನು ಒಂದು ತಿಂಗಳಿದೆ ಎನ್ನುವಾಗ ತೀರಿಕೊಂಡರು. ಹೃದಯದ ತೊಂದರೆ, ಹೆಚ್ಚು ನರಳಲಿಲ್ಲ. ಅಣ್ಣ ಹೆಗಲು ಕೊಟ್ಟ. ಆ ಸಲದ ಆಯುಧಪೂಜೆಯಲ್ಲಿ, ಒಳಗಿನಿಂದ ಹೊರಕ್ಕೆ ಉಬ್ಬಿದ ಆ ಹಳೇ ಗಾರ್ಡನ್ನು ತಟ್ಟೆಯ ನಡುವೆ ಇಟ್ಟು, ಸವೆದ ವೀಲುಗಳನ್ನು ಅದರ ಸುತ್ತ ಜೋಡಿಸಿದ. ಅವರ ತಂಗಿ ಬಂದು ಕೈಮುಗಿದು ಕಡ್ಲೆಪುರಿ ತೆಗೆದುಕೊಂಡು ಹೋದರು. ಮೊನ್ನೆ ಮಾರ್ಕೆಟ್ಟಿಗೆ ಹೋದಾಗ ಗಮನಿಸಿದೆ, ನಮ್ಮ ಅಂಗಡಿಯವನು ಬೆಲೆಯ ಚೀಟಿಯನ್ನು ಈಗ ತಾರೀಖಿನ ಬಳೆಯ ಮೇಲೆ ಅಂಟಿಸುವುದಿಲ್ಲ. ಯಾರ ಉಗುರಿಗೂ ಕೆಲಸವಿಲ್ಲ.

ಮೇಡಂ ತೀರಿಕೊಳ್ಳುವುದಕ್ಕೆ ಒಂದು ವಾರ ಮುಂಚೆ ಅಣ್ಣ, ನಾನು ನೋಡಲು ಹೋಗಿದ್ದೆವು. ಅಣ್ಣ ಅಂದು ತುಂಬಾ ಬೇಜಾರಿನಲ್ಲಿದ್ದ. ಕೆಲವು ತಿಂಗಳಿಂದ ಹತ್ತಿರದ್ದು ಮಸುಕು ಮಸುಕು, ಮೂಲೆ ಕೊಯ್ದರೆ ಬೆಳಕು ತೂರುತ್ತದೆ. ಡಾಕ್ಟರು, ನಲವತ್ತು ದಾಟಿದ ಕಣ್ಣಿಗೆ ಬರುವ ಚಾಳೀಸು ಎಂದು ಹೇಳಿ ಓದುವ ಕನ್ನಡಕ ಬರೆದುಕೊಟ್ಟಿದ್ದರು. ಇನ್ನು ಗೆರೆ ಎಳೆದುಕೊಂಡು ಕೊಯ್ಯಬೇಕು ಮೇಡಂ, ನನ್ನ ಕಣ್ಣಳತೆ ಮುಗಿಯಿತು, ಎಂದು ಮಗುವಿನ ಹಾಗೆ ದೂರು ಹೇಳಿದ.

ಮೇಡಂ ದಿಂಬಿನಿಂದ ತಲೆಯೆತ್ತಿ ಅವನನ್ನು ಹತ್ತಿರ ಕರೆದರು. ಆ ಹೆಬ್ಬೆರಳಿನಿಂದ ಅವನ ಹುಬ್ಬು ಸವರಿದರು. ಮೊದಲು ಈ ಕಡೆಯದು, ಆಮೇಲೆ ಆ ಕಡೆಯದು.

“ಎರಡಕ್ಕೂ ಬಂದಿದೆಯಾ ಚಾಳೀಸು?”

“ಎರಡಕ್ಕೂ ಮೇಡಂ.”

“ಬರ್ಲಿ ಬಿಡು” ಎಂದರು. ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.